ಎಣ್ಣೆಯ ಬ್ರೇಕಿನ ವಾಯುದೋಷ

ವಾಹನವು ಓಡುವದನ್ನು ಎಲ್ಲರೂ ಮೆಚ್ಚುತ್ತಾರೆ. ಅದು ಬೇಕಾದಲ್ಲಿ ನಿಲ್ಲುವದನ್ನು ಮಾತ್ರ ಯಾರೂ ಲಕ್ಷಿಸುವದಿಲ್ಲ. ಸೈಕಲ್ಲನ್ನು ಕೊಳ್ಳುವಾಗ ಗಾಲಿ, ಸೀಟು, ಬಣ್ಣ, ಗಂಟೆಗಳನ್ನು ನೋಡಿ ಬೆಲೆ ಕಟ್ಟುವ ಗೃಹಸ್ಥರು ಬ್ರೇಕಿನ ಹಿಡಿಯನ್ನು ಒಮ್ಮೆ ಒತ್ತಿ ನೋಡುವದು ಅಪರೂಪ. ಆದಕಾರಣ ಈ ತಿಂಗಳು ಗತಿಯ ಮಾತನ್ನು ಬಿಟ್ಟು ಸ್ಥಿತಿಯ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದಿರುವೆವು.

ಇದಕ್ಕೆ ನಿಮಿತ್ತವಾದುದು ನಮ್ಮ ಮಹಾಗಾಂವದ ಗೃಹಸ್ಥರೊಬ್ಬರ ಪ್ರಶ್ನೆ. ಪುಣೆಯಲ್ಲಿ ಕೆಲಸದಲ್ಲಿರುವ ಅವರ ಮಗನು ತಾನು ಬಳಸಿದ ವಿಲಾಯತಿ ಸೈಕಲ್ಲೊಂದನ್ನು ತಂಗಿಯ ಸಲುವಾಗಿ ಊರಿಗೆ ಕಳಿಸಿರುವನು. ಹುಡುಗಿಯು ದಿನಾಲು ಅದನ್ನೇರಿ ಮಹಾಗಾಂವ ಕ್ರಾಸಿನವರೆಗೆ, ಎಂದರೆ ಕಲಬುರಗಿ-ಹುಮನಾಬಾದುಗಳ ನಡುವೆ ಲಾರಿ ಬಸ್ಸುಗಳು ಭರದಿಂದ ಓಡುವ ಹೆದ್ದಾರಿಯವರೆಗೆ, ಹೋಗಿ ಬರುವಳು. ಇತ್ತೀಚೆಗೆ ಮುಂದಿನ ಬ್ರೇಕಿನ ಹಿಡಿಯು ಮೆತ್ತಗಾಗಿ ಹ್ಯಾಂಡಲ್ಲಿಗೆ ತಾಗುವಷ್ಟು ಒಳಕ್ಕೆ ಬರುತ್ತಿದೆ. "ತಂತಿಯೂ ಇಲ್ಲ, ಸಲಾಕಿಯೂ ಇಲ್ಲ, ಒಂದು ಕರಿಯ ನಳಿಗೆ ಮಾತ್ರ ಇದೆ. ಬಿಗಿ ಮಾಡುವದಾದರೂ ಏನನ್ನು, ಮಾಸ್ತರರೆ? ಮೋಟಾರು ಸೈಕಲ್ಲಿನ ಬ್ರೇಕೆಣ್ಣೆ ಹಾಕಿಸಿದರೆ ಆದೀತೆ?" ಎಂದು ಅವರು ಕೇಳಿದರು. ಉತ್ತರವನ್ನು ಮೊದಲೇ ಹೇಳಿಬಿಡುವೆವು: ಆ ಎಣ್ಣೆಯನ್ನು ಹಾಕಿಸಕೂಡದು. ಅದು ಏಕೆಂಬುದನ್ನು ಕ್ರಮವಾಗಿ ವಿವರಿಸುವೆವು.

ನಮ್ಮ ಕಡೆಯ ಹಳೆಯ ಸೈಕಲ್ಲುಗಳಲ್ಲಿ ಸಲಾಕಿಗಳು ಬ್ರೇಕಿನ ರಬ್ಬರನ್ನು ಎಳೆದು ರಿಮ್ಮಿಗೆ ಒತ್ತುವವು. ಬೇರೆ ಕೆಲವುಗಳಲ್ಲಿ ಈ ಕೆಲಸವನ್ನು ಉಕ್ಕಿನ ತಂತಿಯು ಮಾಡುವದು. ಮೂರನೆಯ ಬಗೆಯೇ ಎಣ್ಣೆಯದು. ಇದರಲ್ಲಿ ಎಳೆಯುವ ಲೋಹವಿಲ್ಲ, ತಳ್ಳುವ ದ್ರವವಿದೆ. ಹಿಡಿಯ ಬುಡದಲ್ಲಿ ಒಂದು ಪುಟ್ಟ ಪಿಸ್ಟನ್ನು, ರಿಮ್ಮಿನ ಎರಡು ಪಕ್ಕಗಳಲ್ಲಿ ಒಂದೊಂದು ಪಿಸ್ಟನ್ನು, ಇವುಗಳ ನಡುವೆ ಎಣ್ಣೆ ತುಂಬಿದ ನಳಿಗೆ. ಇಷ್ಟೇ ಅದರ ರಚನೆ. ಮುಚ್ಚಿದ ಪಾತ್ರೆಯಲ್ಲಿಯ ದ್ರವದ ಒಂದು ಕಡೆಗೆ ಕೊಟ್ಟ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುವದೆಂಬ ನಿಯಮವನ್ನು ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲನು (1623-1662) ಪ್ರತಿಪಾದಿಸಿದನು. ಅದೇ ನಿಯಮದ ಮೇಲೆ ಜರ್ಮನಿಯ ಮಾಗುರಾ ಕಂಪನಿಯವರು 1987ರಲ್ಲಿ ಸೈಕಲ್ಲಿನ ರಿಮ್ಮನ್ನು ಹಿಡಿಯುವ ಎಣ್ಣೆಯ ಬ್ರೇಕನ್ನು ಹೊರತಂದರು. ನಮ್ಮ ಗೃಹಸ್ಥರ ಮನೆಗೆ ಬಂದಿರುವದು ಈ ಜಾತಿಯದೇ.

ಇನ್ನು ಹಿಡಿಯು ಮೆತ್ತಗಾಗಲು ಕಾರಣವೇನು? ಮನೆಯ ಮಕ್ಕಳನ್ನು ಕರೆದು ಒಂದು ಪ್ರಯೋಗವನ್ನು ಮಾಡಿಸಿರಿ. ಸೂಜಿಯಿಲ್ಲದ ಪಿಚಕಾರಿಯಲ್ಲಿ ನೀರನ್ನು ತುಂಬಿ, ಬಾಯಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಹಿಂದಿನ ಕಡ್ಡಿಯನ್ನು ಒತ್ತಲಿ; ಅದು ಕಲ್ಲಿನಂತೆ ನಿಲ್ಲುವದು. ಅನಂತರ ನೀರನ್ನು ಚೆಲ್ಲಿ ಗಾಳಿಯನ್ನೇ ಎಳೆದುಕೊಂಡು ಒತ್ತಲಿ. ಕಡ್ಡಿಯು ಒಳಕ್ಕೆ ಹೋಗಿ, ಬಿಟ್ಟ ಕೂಡಲೆ ಪುಟಿದು ಬರುವದು. ದ್ರವವು ಕುಗ್ಗುವದಿಲ್ಲವೆಂದೇ ಹೇಳಬಹುದು. ಗಾಳಿಯಾದರೋ ಒತ್ತಡವು ಇಮ್ಮಡಿಯಾದರೆ ಅರ್ಧಕ್ಕೆ ಕುಗ್ಗುವದು. ಬ್ರೇಕಿನ ಹಿಡಿಯನ್ನು ಒಮ್ಮೆ ಒತ್ತಿದಾಗ ಸರಿಯುವ ಎಣ್ಣೆಯು ಒಂದು ಚಹದ ಚಮಚಕ್ಕಿಂತ ಕಡಿಮೆ. ಅಷ್ಟರಲ್ಲಿ ನಾಲ್ಕು ಗುಳ್ಳೆಗಳು ಸೇರಿಕೊಂಡರೆ, ಬೆರಳಿನ ಬಲವೆಲ್ಲ ಆ ಗುಳ್ಳೆಗಳನ್ನು ಕುಗ್ಗಿಸುವದರಲ್ಲಿಯೇ ವೆಚ್ಚವಾಗಿ, ರಿಮ್ಮಿನವರೆಗೆ ತಲುಪುವದು ಅತ್ಯಲ್ಪ.

ಈ ಗಾಳಿಯನ್ನು ಹೊರಗೆಡಹುವ ಕ್ರಿಯೆಗೆ ಮೇಸ್ತ್ರಿಗಳು ಬ್ಲೀಡಿಂಗ್ ಎನ್ನುವರು. ಸುಶ್ರುತಸಂಹಿತೆಯಲ್ಲಿ ರಕ್ತಮೋಕ್ಷಣವೆಂಬ ಚಿಕಿತ್ಸೆಯನ್ನು ಹೇಳಿದೆಯಷ್ಟೆ. ಆ ಮಾತಿಗೆ ಅದೇ ಅರ್ಥ. ಮಾಗುರಾದವರು ತಮ್ಮ ಎಣ್ಣೆಗೆ ರಾಯಲ್ ಬ್ಲಡ್, ಎಂದರೆ ರಾಜರಕ್ತ, ಎಂದೇ ಹೆಸರಿಟ್ಟಿರುವರು. ಆದರೆ ಇಲ್ಲಿ ಹೆಸರು ರಕ್ತಮೋಕ್ಷಣದ್ದು, ಕೆಲಸ ವಾತಹರಣದ್ದು.

ಚಿಕಿತ್ಸೆಗೆ ಮುಂಚೆ ನಿದಾನವು ಅವಶ್ಯ. ಹಿಡಿಯು ಬಹುದೂರ ಒಳಬಂದು, ಕೊನೆಗೆ ಗಟ್ಟಿಯಾಗಿ ನಿಂತರೆ ಅದು ವಾಯುದೋಷವಲ್ಲ, ರಬ್ಬರು ಸವೆದಿದೆ. ಹಿಡಿಯ ಹತ್ತಿರದ ಹೊಂದಿಸುವ ತಿರುಪನ್ನು ತಿರುಗಿಸಿದರೆ, ಇಲ್ಲವೆ ಹೊಸ ರಬ್ಬರನ್ನು ಹಾಕಿದರೆ ಸಾಕು. ಹಿಡಿಯು ಸ್ಪಂಜಿನಂತೆ ಮೆತ್ತಗಿದ್ದು, ನಾಲ್ಕಾರು ಸಲ ಬೇಗಬೇಗನೆ ಒತ್ತಿದಾಗ ತುಸು ಗಟ್ಟಿಯಾದರೆ ಅದು ಗಾಳಿಯೇ ಸರಿ. ನಳಿಗೆಯ ಸಂದುಗಳಲ್ಲಿಯಾಗಲಿ ಪಿಸ್ಟನ್ನಿನ ಬಳಿಯಲ್ಲಿಯಾಗಲಿ ಜಿಡ್ಡು ಒಸರಿದ್ದರೆ ಎಣ್ಣೆಯು ಸೋರುತ್ತಿದೆಯೆಂದು ತಿಳಿಯತಕ್ಕದ್ದು. ಸೋರಿಕೆಯನ್ನು ನಿಲ್ಲಿಸದೆ ಗಾಳಿಯನ್ನು ತೆಗೆಯುವದು ತೂತುಗೊಡಕ್ಕೆ ನೀರು ಹೊತ್ತಂತೆ.

ಈಗ ಎಣ್ಣೆಯ ವಿಚಾರ. ಇದೇ ಎಲ್ಲಕ್ಕೂ ಮುಖ್ಯವಾದುದು. 2019ರ ಏಪ್ರಿಲಿನಿಂದ 125 ಸಿಸಿಗಿಂತ ದೊಡ್ಡ ಹೊಸ ಮೋಟಾರು ಸೈಕಲ್ಲುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಎಣ್ಣೆಯ ಡಿಸ್ಕ್ ಬ್ರೇಕು ಹಳ್ಳಿಯ ಮನೆಗಳಿಗೂ ಬಂದಿರುವದರಿಂದ ಮೇಸ್ತ್ರಿಯ ಅಂಗಡಿಯಲ್ಲಿ ಡಾಟ್ 3, ಡಾಟ್ 4 ಎಂಬ ಹೆಸರಿನ ಡಬ್ಬಿಯು ಕೈಗೆಟಕುವಲ್ಲಿಯೇ ಇರುವದು. ಅದು ಗ್ಲೈಕಾಲ್ ಜಾತಿಯ ದ್ರವ. ಸೈಕಲ್ಲಿನ ಈ ಬ್ರೇಕಿಗೆ ಬೇಕಾದುದು ಖನಿಜ ತೈಲ. ಖನಿಜ ತೈಲಕ್ಕೆ ಹೊಂದುವ ರಬ್ಬರಿನ ಸೀಲುಗಳು ಡಾಟ್ ದ್ರವವು ತಗಲಿದರೆ ಉಬ್ಬಿ ಕೆಡುವವು. ಕೆಡುಕು ಅಂದೇ ಕಾಣದು. ಬ್ರೇಕು ಕೆಲವು ದಿನ ಚೆನ್ನಾಗಿಯೇ ಹಿಡಿಯುವದು. ಅಪಾಯವಿರುವದು ಅಲ್ಲಿಯೇ. ಮೋಟಾರು ಸೈಕಲ್ಲಿಗೆ ಖನಿಜ ತೈಲವನ್ನು ಹಾಕುವದೂ ಅಷ್ಟೇ ಅನರ್ಥಕರ. ಡಾಟ್ ದ್ರವವು ಗಾಳಿಯೊಳಗಿನ ತೇವವನ್ನು ಹೀರುವದರಿಂದ ಅದನ್ನು ಸಾಮಾನ್ಯವಾಗಿ ಎರಡು ವರುಷಕ್ಕೊಮ್ಮೆ ಬದಲಿಸುವರು. ಖನಿಜ ತೈಲವು ಹಾಗೆ ನೀರನ್ನು ಹೀರದು. ಅದನ್ನು ವರುಷವರುಷವೂ ಬದಲಿಸುವ ಕಾರಣವಿಲ್ಲ.

ಗಾಳಿಯನ್ನು ತೆಗೆಯುವ ಕ್ರಮವು ಇಂತಿದೆ. ಗಾಲಿಯನ್ನು ಬಿಚ್ಚಿ ದೂರವಿಡಿರಿ, ರಬ್ಬರುಗಳನ್ನೂ ಕಳಚಿರಿ. ಅವುಗಳ ಮೇಲೆ ಎಣ್ಣೆಯ ಒಂದು ಹನಿ ಬಿದ್ದರೂ ಬ್ರೇಕು ಜಾರುವದು. ಹೊಂದಿಸುವ ತಿರುಪನ್ನು ಪೂರ್ಣವಾಗಿ ಸಡಿಲಿಸಿ, ಹಿಡಿಯ ಮೇಲಿನ ತೂತು ಎಲ್ಲಕ್ಕೂ ಎತ್ತರದಲ್ಲಿರುವಂತೆ ಹಿಡಿಯನ್ನು ಹೊರಳಿಸಿರಿ. ಗಾಳಿಯು ಮೇಲಕ್ಕೇ ಏರುವದರಿಂದ ಎಣ್ಣೆಯನ್ನು ಕೆಳಗಿನಿಂದ ತುಂಬತಕ್ಕದ್ದು. ಪಿಚಕಾರಿಯಲ್ಲಿ ಎಣ್ಣೆಯನ್ನೆಳೆದು, ವೈದ್ಯರು ಸೂಜಿ ಚುಚ್ಚುವ ಮುಂಚೆ ಮಾಡುವಂತೆ, ಅದರೊಳಗಿನ ಗಾಳಿಯನ್ನು ಹೊರಗೆ ನೂಕಿರಿ. ಬಳಿಕ ರಿಮ್ಮಿನ ಬಳಿಯ ಪಿಸ್ಟನ್ನಿನ ತಿರುಪನ್ನು ತೆಗೆದು, ಪಿಚಕಾರಿಯ ಕೊಳವೆಯನ್ನು ಅಲ್ಲಿಗೆ ಜೋಡಿಸಿರಿ. ಮೇಲಿನ ತಿರುಪನ್ನೂ ತೆಗೆದು, ಹೊರಬರುವ ಎಣ್ಣೆಯನ್ನು ಹಿಡಿಯಲು ಅಲ್ಲಿ ಇನ್ನೊಂದು ಪಿಚಕಾರಿಯ ಬರಿಯ ಕೊಳವೆಯನ್ನಿಡಿರಿ. ಅನಂತರ ಮೆಲ್ಲಮೆಲ್ಲನೆ ಒತ್ತುತ್ತ, ನಡುನಡುವೆ ನಳಿಗೆಯನ್ನು ಬೆರಳಿನಿಂದ ತಟ್ಟುತ್ತಿರಬೇಕು. ಅಂಟಿಕೊಂಡ ಗುಳ್ಳೆಗಳು ಬಿಡುವವು. ಗುಳ್ಳೆಯಿಲ್ಲದ ಎಣ್ಣೆಯು ಮೇಲೆ ಬಂದಾಗ ಕೆಲಸವಾಯಿತೆಂದು ತಿಳಿದು, ಮೊದಲು ಮೇಲಿನ ತಿರುಪನ್ನೂ ಬಳಿಕ ಕೆಳಗಿನದನ್ನೂ ಮುಚ್ಚತಕ್ಕದ್ದು. ಈ ಕ್ರಮವು ತಿರುಗುಮುರುಗಾದರೆ ಎಣ್ಣೆಯು ಕೆಳಗೆ ಸುರಿದು ಗಾಳಿಯು ಮತ್ತೆ ಹೊಕ್ಕುವದು. ಪುಟ್ಟ ತಿರುಪುಗಳಿಗೆ ತೋಳ್ಬಲವನ್ನು ತೋರಿಸಬೇಡಿರಿ. ಅವುಗಳ ಹಲ್ಲು ಬಲು ಮೃದು.

ಎಲ್ಲವನ್ನೂ ಒರಸಿ, ರಬ್ಬರು ಗಾಲಿಗಳನ್ನು ಜೋಡಿಸಿ, ಹೊಂದಿಸುವ ತಿರುಪನ್ನು ಸರಿಪಡಿಸಿದ ಮೇಲೆ ಹಿಡಿಯನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಾಗೆಯೇ ಹಿಡಿಯಿರಿ. ಅದು ಮೆಲ್ಲಗೆ ಒಳಸರಿದರೆ ಎಲ್ಲಿಯೋ ಸೋರಿಕೆಯುಂಟು. ಸರಿಯದಿದ್ದರೆ ಸೈಕಲ್ಲನ್ನು ಕೈಯಿಂದ ನೂಕುತ್ತ ಅಂಗಳದಲ್ಲಿ ಒಮ್ಮೆ ನಿಲ್ಲಿಸಿ ನೋಡಿರಿ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ರಿಮ್ಮಿಗೂ ರಬ್ಬರಿಗೂ ಮೆತ್ತಿಕೊಳ್ಳುವದು. ಅದನ್ನು ದಿನಾಲು ತೊಳೆಯದಿದ್ದರೆ ಎಂಥ ಬ್ರೇಕೂ ಜಾರುವದು, ರಿಮ್ಮೂ ಸವೆಯುವದು.

ಆ ಗೃಹಸ್ಥರಿಗೆ ನಾವು ಹೇಳಿದುದಿಷ್ಟು: ಸರಿಯಾದ ಎಣ್ಣೆಯನ್ನು ಮಗನು ಪುಣೆಯಿಂದ ಕಳಿಸುವವರೆಗೆ ಸೈಕಲ್ಲು ಗೋಡೆಗೆ ಒರಗಿರಲಿ, ಹುಡುಗಿಯು ಬಸ್ಸಿಗೋ ಅಣ್ಣತಮ್ಮಂದಿರ ಗಾಡಿಗೋ ಹೋಗಲಿ. ಎಂಟು ದಿನದ ಅನಾನುಕೂಲವನ್ನು ಮನೆಯವರೆಲ್ಲ ಹಂಚಿಕೊಳ್ಳಬಹುದು. ಹೆದ್ದಾರಿಯ ಅಂಚಿನಲ್ಲಿ ಹಿಡಿಯನ್ನು ಒತ್ತುವ ಕೈಯಾದರೋ ಅವಳೊಬ್ಬಳದೇ. ವಾಚಕರು ತಮ್ಮ ಮನೆಯಲ್ಲಿ ಯಾವ ಬಗೆಯ ಸೈಕಲ್ಲೇ ಇರಲಿ, ನಾಳೆ ಬೆಳಿಗ್ಗೆ ಅದು ಹೊರಡುವ ಮುಂಚೆ ಎರಡೂ ಹಿಡಿಗಳನ್ನು ತಾವೇ ಒಮ್ಮೆ ಒತ್ತಿ ನೋಡಬೇಕೆಂದು ವಿನಂತಿಸುವೆವು.