ವೈಯಾವೃತ್ತ್ಯವು ಮನೆಯಿಂದಲೇ ಮೊದಲಾಗಲಿ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು 6 ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ತ್ಯವನ್ನೂ ಎಣಿಸಿದೆ. ಅದು ಮುನಿಸಂಘಕ್ಕೆ ಮಾತ್ರ ಮೀಸಲೆಂದು ತಿಳಿದು, ಹಾಸಿಗೆ ಹಿಡಿದ ಹೆತ್ತವರನ್ನು ಸಂಬಳದ ಆರೈಕೆಯವಳಿಗೆ ಒಪ್ಪಿಸಿ, ತಾವು ಕಲಶದ ಸವಾಲು ಕೂಗುವ ಶ್ರಾವಕರಿಗೆ ಯಾವ ಪುಣ್ಯ ದಕ್ಕೀತು?

ಆಕೆಯನ್ನು ನೇಮಿಸುವುದು ದೋಷವಲ್ಲ. ಏನನ್ನೂ ಕಲಿಸದೆ ನೇಮಿಸುವುದು ದೋಷ. ಹೊರಳಲಾರದ ರೋಗಿಯನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೆಯದೆ ಎತ್ತಿ ಸರಿಸಬೇಕು. ಸೊಂಟ, ಹಿಮ್ಮಡಿಗಳ ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡಬೇಕು; ಕೆಂಪಾದೆಡೆ ತಿಕ್ಕಬಾರದು. ಮಲಗಿಸಿ ಉಣಿಸಿದರೆ ಅನ್ನವು ಶ್ವಾಸನಾಳಕ್ಕೆ ಇಳಿದೀತು. ಒರಗಿಸಿ ಕೂರಿಸಿ ಉಣಿಸಿ, ಅರ್ಧ ಗಂಟೆ ಹಾಗೆಯೇ ಇರಿಸಬೇಕು.

ಹಗಲಿರುಳಿನ ಈ ದುಡಿಮೆಯನ್ನು ಒಬ್ಬಳ ಮೇಲೆಯೇ, ಅವಳು ಸೊಸೆಯಾಗಲಿ ಸಂಬಳದವಳಾಗಲಿ, ಹೊರಿಸುವುದು ಅತಿಭಾರಾರೋಪಣ. ರೋಗಿ ಕೇಳಿದರೂ ನೀರು ಕೊಡದೆ ಅದಕ್ಕೆ ಸಲ್ಲೇಖನದ ಹೆಸರಿಡುವುದು ಅನ್ನಪಾನನಿರೋಧ. ಸಲ್ಲೇಖನವು ಸಾಧಕನು ತಾನೇ ಸ್ವೀಕರಿಸುವ ವ್ರತ, ಮನೆಯವರು ಹೇರುವಂಥದಲ್ಲ. ಇವೆರಡೂ ಅಹಿಂಸಾಣುವ್ರತದ ಅತಿಚಾರಗಳು. ಮಲಮೂತ್ರಕ್ಕೆ ಹೇಸುವವನು ಉದ್ದಾಯನ ರಾಜನ ಕಥೆಗೆ ತಲೆದೂಗಿದ ಮಾತ್ರಕ್ಕೆ ನಿರ್ವಿಚಿಕಿತ್ಸೆ ಸಿದ್ಧಿಸದು.

ಬಸದಿಯ ಟ್ರಸ್ಟುಗಳು ಒಂದು ಕಲಶದ ಸವಾಲಿನ ಹಣವನ್ನಾದರೂ ತೆಗೆದಿರಿಸಿ, ಗಾಳಿಹಾಸಿಗೆಗಳನ್ನು ಎರವಲು ಕೊಡಲಿ. ಅನುಭವಿ ದಾದಿಯರಿಂದ ಆರೈಕೆಯ ಶಿಕ್ಷಣ ಕೊಡಿಸಲಿ. ಮನೆಯ ಗಂಡಸರೂ ಅಲ್ಲಿ ಬಂದು ಕಲಿಯಲಿ. ಅಭಿಷೇಕಕ್ಕೆ ಕೊಡ ಎತ್ತುವ ಕೈ ತಂದೆಯ ಮೈ ಒರೆಸಲು ನಾಚಬಾರದು.