ತಾನಪ್ಪ ಬಚ್ಚಿಟ್ಟ ತಂತಿ

ಬಂಟ್ವಾಳದ ಸ್ವಸಹಾಯ ಸಂಘವೊಂದರ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಜಗಳವೇ ನಡೆಯಿತು. ವಿಷಯ, ಶಂಕರನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’. 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ಆ ಧಾರಾವಾಹಿಯ ಒಂದು ಕಂತನ್ನು ಇವರು ಈಗ ಫೋನಿನಲ್ಲಿ ನೋಡಿದ್ದರು. ಆರ್.ಕೆ. ನಾರಾಯಣ್ ಬರೆದ ಕತೆ. ಅಂಚೆಯ ತಾನಪ್ಪನಿಗೆ ರಾಮಾನುಜಂ ಮನೆಯವರೆಂದರೆ ಜೀವ. ಮಗಳು ಕಾಮಾಕ್ಷಿಗೆ ಗಂಡು ಗೊತ್ತಾಗಿದೆ. ಆ ಮುಹೂರ್ತ ತಪ್ಪಿದರೆ ವರ್ಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಸೇಲಂನಿಂದ ಸಾವಿನ ತಂತಿ ಬರುತ್ತದೆ. ತಾನಪ್ಪ ಅದನ್ನು ಬಚ್ಚಿಡುತ್ತಾನೆ. ಮದುವೆ ಕಳೆದ ಮೇಲೆ ತಂದುಕೊಟ್ಟು, ಬೇಕಾದರೆ ದೂರು ಕೊಡಿ, ನನ್ನ ಕೆಲಸ ಹೋಗಲಿ ಎನ್ನುತ್ತಾನೆ. ರಾಮಾನುಜಂ ನೊಂದುಕೊಳ್ಳುತ್ತಾರೆ, ದೂರು ಮಾತ್ರ ಕೊಡುವುದಿಲ್ಲ. ಕತೆ ಅಲ್ಲಿಗೇ ನಿಲ್ಲುತ್ತದೆ.

ಅವನು ಮಾಡಿದ್ದು ಸರಿಯೋ ತಪ್ಪೋ? ಬೀಡಿ ಕಟ್ಟುತ್ತಲೇ ವಾದ ಮಾಡಿದರು. “ಹೆಣ್ಣಿನ ಬದುಕು ಉಳಿಯಿತಲ್ಲ ಟೀಚರೆ, ಸರಿಯೇ” ಎಂದವರೇ ಹೆಚ್ಚು.

ನಾನು ಒಪ್ಪಲಿಲ್ಲ. ತಾನಪ್ಪ ಒಳ್ಳೆಯವನು, ನಿಜ. ಆದರೆ ಒಂದು ಮುಹೂರ್ತ ತಪ್ಪಿದರೆ ಹೆಣ್ಣಿನ ಬಾಳೇ ಮುಗಿಯಿತೆಂಬ ಹೆದರಿಕೆ ಅಪರಾಧವನ್ನೂ ಉಪಕಾರ ಮಾಡಿಬಿಡುತ್ತದೆ. ಕೊನೆಯ ಮಾತುಕತೆ ಇಬ್ಬರು ಗಂಡಸರದು. ತನ್ನ ಮದುವೆಗಾಗಿ ಸಾವನ್ನೇ ಮುಚ್ಚಿಟ್ಟರೆಂದು ಕಾಮಾಕ್ಷಿಗೆ ಗೊತ್ತಾಯಿತೇ? ಅದನ್ನು ಸಭೆಯಲ್ಲಿ ಯಾರೂ ಕೇಳಲಿಲ್ಲ.

ನಮ್ಮಲ್ಲಿ ಬಚ್ಚಿಡುವುದು ಸಾವಿನ ಸುದ್ದಿಯನ್ನಲ್ಲ, ಬದುಕಿರುವ ಮಗಳ ಕಾಗದವನ್ನು. ನಾನು ಮೂಡಬಿದಿರೆಯಲ್ಲಿ ಪಾಠ ಮಾಡುತ್ತಿದ್ದಾಗಿನ ಮಾತು. ಬೆಳ್ತಂಗಡಿ ಕಡೆಗೆ ಕೊಟ್ಟಿದ್ದ ಶಿಷ್ಯೆಯೊಬ್ಬಳು ಅಪ್ಪನಿಗೆ ಬರೆದಳು: ಇನ್ನೂ ಚಿನ್ನ ತಾ ಎಂದು ಹೊಡೆಯುತ್ತಾರೆ. ತಂಗಿಯ ಮದುವೆ ಕಳೆಯಲಿ ಎಂದು ಅಪ್ಪ ಕಾಗದವನ್ನು ಪೆಟ್ಟಿಗೆಯ ಅಡಿಗೆ ಹಾಕಿದರು. ತಾಯಿಗೂ ತೋರಿಸಲಿಲ್ಲ. ಅವಳು ನನಗೂ ಬರೆದಿದ್ದಳು. ವರದಕ್ಷಿಣೆ ನಿಷೇಧ ಕಾಯ್ದೆ 1961ರಿಂದ ಇದೆ, ಸೊಸೆಯನ್ನು ಹಿಂಸಿಸುವುದು 1983ರಿಂದ ಜೈಲಿಗೆ ಹಾಕುವಂಥ ಅಪರಾಧ, ಇದೆಲ್ಲ ತಿಳಿದಿದ್ದ ನಾನು ಬರೆದ ಉತ್ತರ, “ಸ್ವಲ್ಪ ತಾಳಿಕೋ.” ಮುಂದಿನ ಮಳೆಗಾಲದಲ್ಲಿ ಅವಳು ಮುರಿದ ಕೈಯಲ್ಲಿ, ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ತಂಗಿಯ ಮದುವೆ ಚೆನ್ನಾಗಿಯೇ ಆಗಿತ್ತು.

ಈಗ ಕಾಗದದ ಬದಲು ಫೋನು ಬರುತ್ತದೆ. ನಾದಿನಿಯ ಸೀಮಂತ ಕಳೆಯಲಿ, ಅಣ್ಣನ ಗೃಹಪ್ರವೇಶ ಕಳೆಯಲಿ ಎನ್ನುತ್ತೇವೆ. 2005ರ ಕಾಯ್ದೆಯ ಪ್ರಕಾರ ಗಂಡನ ಮನೆಯಲ್ಲಿದ್ದುಕೊಂಡೇ ರಕ್ಷಣೆ ಕೇಳಬಹುದು, ಅವಳನ್ನು ಸುಮ್ಮನೆ ಹೊರಗೆ ಹಾಕುವಂತಿಲ್ಲ. ಅದನ್ನು ಹೇಳಬೇಕಾದ ಬಾಯಿ ನಮ್ಮದು. ನಾವೋ ತಾನಪ್ಪನ ಹಾಗೆ ಒಳ್ಳೆಯ ದಿನ ನೋಡುತ್ತಾ ಕುಳಿತಿದ್ದೇವೆ.

ಸಭೆ ಮುಗಿದಾಗ ಒಬ್ಬಾಕೆ ಹಿಂದುಳಿದಳು. “ಟೀಚರೆ, ನನ್ನ ಮಗಳ ಫೋನು ಬಂದು ನಾಲ್ಕು ದಿನವಾಯಿತು. ಮನೆಯಲ್ಲಿ ಯಾರಿಗೂ ಹೇಳಿಲ್ಲ” ಎಂದಳು. ಅಲ್ಲಿಂದಲೇ ಕರೆ ಮಾಡಿಸಿದೆ.