ಕೈಗೆ ಎಷ್ಟು ಪರ್ಸೆಂಟ್?

ಪವರ್ ಪ್ರೆಸ್ಸಿಗೆ ಸಿಕ್ಕಿ ತೋರುಬೆರಳು ಪೂರ್ತಿ ತುಂಡಾದರೆ ಕಾನೂನಿಗೆ ಗೊಂದಲವಿಲ್ಲ. 1923ರ ಕಾರ್ಮಿಕರ ನಷ್ಟಪರಿಹಾರ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಉತ್ತರವಿದೆ: ಗಳಿಕೆಯ ಸಾಮರ್ಥ್ಯದಲ್ಲಿ 14 ಪರ್ಸೆಂಟ್ ನಷ್ಟ. ಹೆಬ್ಬೆರಳಿಗೆ 30. ಆದರೆ ಮಣಿಕಟ್ಟು ಮುರಿದು, ಸೊಟ್ಟಗೆ ಕೂಡಿಕೊಂಡು, ಅರ್ಧದಷ್ಟೇ ತಿರುಗುತ್ತಿದ್ದರೆ? ಪಟ್ಟಿಯಲ್ಲಿ ಅದಿಲ್ಲ. ಆಗ ಎಷ್ಟು ಪರ್ಸೆಂಟ್ ಎಂದು ಹೇಳಬೇಕಾದವರು ವೈದ್ಯರು. ಈ ಕಾಯ್ದೆಯನ್ನು ನುಂಗಿಕೊಂಡಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಆ ಕೆಲಸವನ್ನು ಅವರಿಗೇ ಬಿಟ್ಟಿದೆ.

ಯಾವ ವೈದ್ಯರು? ನೋಂದಾಯಿತರಾಗಿದ್ದರೆ ಸಾಕು. ಚರ್ಮರೋಗ ತಜ್ಞರು ಮೂಳೆಯ ಬಗ್ಗೆ ಬರೆದುಕೊಟ್ಟರೂ ಕಾನೂನಿನ ಕಣ್ಣಿಗೆ ಅವರು ಅರ್ಹರೇ. ನನ್ನ ತಕರಾರು ಇಷ್ಟಕ್ಕೇ ಅಲ್ಲ. ಮೂಳೆ ತಜ್ಞರೇ ಬರೆದರೂ ಕಾನೂನು ಅವರನ್ನು ಕೇಳುತ್ತಿರುವುದು ಮೂಳೆಯ ಪ್ರಶ್ನೆಯನ್ನಲ್ಲ, ಕೂಲಿಯ ಪ್ರಶ್ನೆಯನ್ನು. ಮಣಿಕಟ್ಟು ಎಷ್ಟು ಡಿಗ್ರಿ ತಿರುಗುತ್ತದೆ ಎಂದು ಅಳೆಯಲು ಅವರಿಗೆ ಗೊತ್ತು. ಅದೇ ಕೈ ಲೇಥ್ ಮುಂದೆ ಎಂಟು ಗಂಟೆ ನಿಲ್ಲಬಲ್ಲುದೇ ಎಂಬುದನ್ನು ಅವರಿಗೆ ಯಾರು, ಎಲ್ಲಿ ಕಲಿಸಿದರು?

ಲೆಕ್ಕ ಹಾಕಿ ನೋಡಿ. ಮೂವತ್ತು ವರ್ಷದ ಕಾರ್ಮಿಕ, ಲೆಕ್ಕಕ್ಕೆ ಹಿಡಿಯುವ ವೇತನ 15,000 ರೂಪಾಯಿ. ಅದರ ಶೇ. 60ನ್ನು ವಯಸ್ಸಿನ ಅಂಶವಾದ 207.98ರಿಂದ ಗುಣಿಸಿದರೆ ಪೂರ್ಣ ಅಂಗವಿಕಲತೆಗೆ 18,71,820 ರೂಪಾಯಿ. ವೈದ್ಯರು 'ಕೈಗೆ 24 ಪರ್ಸೆಂಟ್' ಎಂದು ಬರೆಯುತ್ತಾರೆ. ನಮ್ಮ ಕೋರ್ಟುಗಳಲ್ಲಿ ರೂಢಿಯಾಗಿರುವ ಮೂರನೇ ಒಂದು ಭಾಗದ ಸೂತ್ರ ಹಚ್ಚಿದರೆ ಇಡೀ ದೇಹಕ್ಕೆ 8. ಕೈಗೆ ಬರುವುದು ಒಂದೂವರೆ ಲಕ್ಷಕ್ಕೂ ಚೂರು ಕಡಿಮೆ. ಆ ಕೈಯಿಂದ ಆತ ಮಾಡುತ್ತಿದ್ದ ಕೆಲಸವನ್ನು ವಿಚಾರಿಸಿ 30 ಎಂದು ಬರೆದಿದ್ದರೆ ಐದೂವರೆ ಲಕ್ಷ ದಾಟುತ್ತಿತ್ತು. ನಾಲ್ಕು ಲಕ್ಷದ ಈ ಅಂತರ ಒಂದು ಹಾಳೆಯ ಮೇಲೆ, ಹತ್ತು ನಿಮಿಷದ ತಪಾಸಣೆಯಲ್ಲಿ ತೀರ್ಮಾನವಾಗಿಬಿಡಬಹುದು.

ಕೆಲಸವನ್ನು ನೋಡಬೇಕು ಎಂಬುದು ನನ್ನ ಆವಿಷ್ಕಾರವಲ್ಲ. ಶ್ರೀನಿವಾಸ ಸಬತ ಎಂಬ ಬಡಗಿಯ ಎಡಗೈ ಮೊಣಕೈಯ ಮೇಲೆ ಕತ್ತರಿಸಿಹೋಗಿತ್ತು. ಒಂದೇ ಕೈಯಲ್ಲಿ ಬಡಗಿತನ ಸಾಧ್ಯವಿಲ್ಲ, ಆದ್ದರಿಂದ ನಷ್ಟ ಪೂರ್ತಿ ನೂರು ಎಂದು ಕಮಿಷನರ್ ಹೇಳಿದ್ದನ್ನು ಸುಪ್ರೀಂ ಕೋರ್ಟ್ 1975ರಲ್ಲೇ ಎತ್ತಿಹಿಡಿಯಿತು. ರಸ್ತೆ ಅಪಘಾತಕ್ಕೆ ಸಂಬಂಧಿಸಿದ ರಾಜ್ ಕುಮಾರ್ ಪ್ರಕರಣದಲ್ಲಿ ಅದೇ ಕೋರ್ಟು ದೇಹದ ಊನವೇ ಬೇರೆ, ಗಳಿಕೆಯ ನಷ್ಟವೇ ಬೇರೆ ಎಂದು ಬಿಡಿಸಿ ಹೇಳಿತು. ಚಿಕಿತ್ಸೆಯನ್ನೇ ಕೊಡದೆ ಸಿದ್ಧ ಸರ್ಟಿಫಿಕೇಟು ಕೊಡುವ ವೈದ್ಯರ ಬಗ್ಗೆಯೂ ಎಚ್ಚರಿಸಿತು. ಎಚ್ಚರಿಕೆ ನ್ಯಾಯಾಧೀಶರಿಗೆ ತಲುಪಿತು. ವೈದ್ಯರನ್ನು ತಯಾರು ಮಾಡುವವರಿಗೆ ತಲುಪಿದಂತಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ತಕರಾರಿನ ಪ್ರಕರಣಗಳಿಗೆ ಇಂಥ ವೈದ್ಯಕೀಯ ಮೌಲ್ಯಮಾಪಕರಾಗಬೇಕೆಂದರೆ ಸರ್ಕಾರದ ಪರೀಕ್ಷೆ ಪಾಸಾಗಬೇಕು, ವರದಿ ಬರೆಯುವ ತರಬೇತಿ ಪಡೆಯಬೇಕು, ಎರಡು ವರ್ಷಕ್ಕೊಮ್ಮೆ ಮರುನೇಮಕವಾಗಬೇಕು. ಅಲ್ಲಿ ಎಲ್ಲವೂ ಸರಿಯಿದೆಯೆಂದಲ್ಲ. ಆದರೆ ಅಳೆಯುವುದೂ ಕಲಿಯಬೇಕಾದ ಕೆಲಸ ಎಂದಾದರೂ ಅಲ್ಲಿ ಒಪ್ಪಿಕೊಂಡಿದ್ದಾರೆ.

ಇರುವ ವೈದ್ಯರೇ ಸಾಲದು, ಪರೀಕ್ಷೆ ಇಟ್ಟರೆ ಪ್ರಕರಣಗಳು ಇನ್ನಷ್ಟು ಎಳೆಯುತ್ತವೆ ಎನ್ನುವವರಿದ್ದಾರೆ. ಈಗ ಎಳೆಯುತ್ತಿರುವುದಾದರೂ ಯಾಕೆ? ವರದಿಯನ್ನು ಯಾರೂ ನಂಬದ ಕಾರಣಕ್ಕೂ ಹೌದು. ವಿಮಾ ಕಂಪನಿ ಮೇಲ್ಮನವಿ ಹಾಕುತ್ತದೆ, ವೈದ್ಯರು ಪಾಟೀಸವಾಲಿಗೆ ಬರಬೇಕು, ಬರದಿದ್ದರೆ ಇನ್ನೊಂದು ತಾರೀಖು. ಜಿಲ್ಲಾಸ್ಪತ್ರೆಗಳಲ್ಲಿ ಮೂಳೆ ತಜ್ಞರು ಅಂಗವಿಕಲರ ಗುರುತಿನ ಚೀಟಿಗಾಗಿ ಈಗಾಗಲೇ ಪರ್ಸೆಂಟ್ ಬರೆಯುತ್ತಿದ್ದಾರೆ. ಅವರಿಂದಲೇ ಆರಂಭಿಸಬಹುದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಒಂದು ಸಣ್ಣ ಕೋರ್ಸ್ ನಡೆಸಲಿ. ಅದರಲ್ಲಿ ಕನಿಷ್ಠ ಒಂದು ದಿನ ಪೀಣ್ಯದ ಯಾವುದಾದರೂ ಕಾರ್ಖಾನೆಯಲ್ಲಿ, ಯಂತ್ರದ ಪಕ್ಕದಲ್ಲಿ ಕಳೆಯಲಿ. ಸರ್ಟಿಫಿಕೇಟಿಗೆ ಅವಧಿ ಇರಲಿ.

ಇನ್ನೊಂದು ಮಾತು: ತರಬೇತಾದವರ ಪಟ್ಟಿಯಿಂದ ವೈದ್ಯರನ್ನು ಕಮಿಷನರೇ ಸರದಿಯ ಮೇಲೆ ಗೊತ್ತುಮಾಡಬೇಕು, ಶುಲ್ಕವೂ ಅವರ ಕಚೇರಿಯ ಮೂಲಕವೇ ಹೋಗಬೇಕು. ವಕೀಲರೋ ಕಂಪನಿಯೋ ಆರಿಸಿ ಹಣ ಕೊಡುವುದಾದರೆ ಪರೀಕ್ಷೆ ಪಾಸಾದವರೂ ಹಳೆಯ ಹಾಳೆಯನ್ನೇ ಬರೆದುಕೊಡುತ್ತಾರೆ. ಆ ಹಾಳೆಯಲ್ಲಿ ಈಗ ರೋಗಿಯ ಹೆಸರು, ವಯಸ್ಸು, ಎಕ್ಸ್‌ರೇ ನಂಬರಿಗೆ ಜಾಗ ಇರುತ್ತದೆ. ಆತ ಏನು ಕೆಲಸ ಮಾಡುತ್ತಿದ್ದ, ಯಾವ ಕೈಯಿಂದ ಮಾಡುತ್ತಿದ್ದ ಎಂಬ ಎರಡು ಸಾಲು ಸೇರಿಸಲು ಯಾವ ತಿದ್ದುಪಡಿಯೂ ಬೇಕಿಲ್ಲ.